ಒಂದೇ ತಂತಿ, ನಾಲ್ಕು ದಾರಿ

ದೊಡ್ಡಬೇವಿನಕೊಪ್ಪಲು, ಮಳವಳ್ಳಿ ತಾಲ್ಲೂಕು
4 ಏಪ್ರಿಲ್ 2025, ಶುಕ್ರವಾರ

ರವೀ,

ಓದುವ ಮೊದಲು ರೂಮಿನ ಬಾಗಿಲು ಹಾಕಿಕೊ. ಓದಿದ ಮೇಲೆ ಈ ಕಾಗದವನ್ನು ಎಲ್ಲೆಂದರಲ್ಲಿ ಬಿಡಬೇಡ.

ಈ ಕಾಲದಲ್ಲಿ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ನನ್ನ ಫೋನನ್ನು ವಿಚಾರಣೆಯವರು ತೆಗೆದುಕೊಂಡು ಹೋಗಿದ್ದಾರೆ. ಆರೋಗ್ಯ ಕೇಂದ್ರದ ಫೋನಿನಲ್ಲಿ ಮಾತಾಡಿದರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುತ್ತೆ. ಲಸಿಕೆ ವ್ಯಾನಿನ ಮುದ್ದಯ್ಯ ಮಂಗಳವಾರ, ಶುಕ್ರವಾರ ಮಂಡ್ಯದಿಂದ ಬಂದು ಹೋಗುತ್ತಾರೆ. ಆಸ್ಪತ್ರೆಯ ಟಪಾಲಿನ ಜೊತೆ ಇದನ್ನೂ ಅವರ ಕೈಗೆ ಕೊಡುತ್ತೇನೆ. ಮೊದಲೇ ಕೇಳಿದ್ದೆ, "ನಾನೇನೂ ಕೇಳಕಿಲ್ಲ ಸಿಸ್ಟ್ರೇ, ಕೊಡಿ" ಅಂದರು.

ನಿನಗೆ ಅರ್ಧ ಗೊತ್ತಿರುವುದನ್ನು ಪೂರ್ತಿ ಹೇಳುತ್ತೇನೆ. ಮಾರ್ಚ್ 24, ಸೋಮವಾರ, ಮಧ್ಯಾಹ್ನ ಎರಡೂ ಇಪ್ಪತ್ತು. ತಿಮ್ಮಯ್ಯನವರನ್ನು ಅವರ ಮಗ ದೇವರಾಜು ಕಾರಿನಲ್ಲಿ ತಂದ. ಎದೆ ಹಿಂಡುತ್ತಿತ್ತು, ಅಂಗಿ ಪೂರ್ತಿ ಬೆವರಿನಲ್ಲಿ ತೊಯ್ದಿತ್ತು. ನಮ್ಮ ಡಾಕ್ಟರು ಮಳವಳ್ಳಿಗೆ ಮೀಟಿಂಗಿಗೆ ಹೋಗಿದ್ದರು. ಇಸಿಜಿ ತೆಗೆದೆ. ಹೃದಯಾಘಾತ ಅಂತ ನನಗೇ ಕಂಡಿತು. ನಿಯಮ ಏನೆಂದರೆ, ಆ ಯಂತ್ರದಿಂದಲೇ ಇಸಿಜಿಯನ್ನು ಮಂಡ್ಯದ ಹೃದಯದ ಡಾಕ್ಟರಿಗೆ ಕಳಿಸಬೇಕು, ಅವರು ಹೂಂ ಅಂದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು. ಇಂಜೆಕ್ಷನ್ ಫ್ರಿಜ್ಜಿನಲ್ಲೇ ಇತ್ತು. ಮೂರು ಸಲ ಕಳಿಸಿದೆ ರವಿ. ಪರದೆಯ ಮೇಲೆ ಆ ದುಂಡಗಿನ ಗೆರೆ ತಿರುಗುತ್ತಲೇ ಇತ್ತು. ಬೆಳಿಗ್ಗೆಯಿಂದ ಊರಿಗೆ ಕರೆಂಟಿರಲಿಲ್ಲ, ಮೊಬೈಲ್ ಟವರೂ ಸತ್ತಿತ್ತು, ಕೇಂದ್ರದ ಫೋನೂ ಆ ಟವರಿನದೇ. ನಮ್ಮ ಕೇಂದ್ರದಲ್ಲಿ ಮಾತ್ರ ಯುಪಿಎಸ್ ಇತ್ತು, ಆದ್ದರಿಂದ ಯಂತ್ರ ನಡೆಯುತ್ತಿತ್ತು.

ದೇವರಾಜು, "ಕಾರಲ್ಲೇ ಆಕ್ಕಂಡು ಮಂಡ್ಯಕ್ಕೆ ಒಂಟೋಯ್ತೀನಿ ಬುಡಿ" ಅಂದ. ನಾನೇ ತಡೆದೆ. "ರಿಪೋರ್ಟ್ ಬರೋಗಂಟ ಅಲ್ಲಾಡಿಸಬೇಡಿ" ಅಂದೆ. ಅದನ್ನು ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಾನೆ. ಇಪ್ಪತ್ತೈದು ನಿಮಿಷ ಕಾದು, ಕೊನೆಗೆ ನಾನೇ ಹೊರಡಿ ಅಂದೆ. ಮಂಡ್ಯ ಇನ್ನೂ ಏಳೆಂಟು ಮೈಲಿ ಇರುವಾಗ ಅವರು ಹೋಗಿಬಿಟ್ಟರು. ಈಗ ನನ್ನ ಆ ಒಂದು ಮಾತು ಎಲ್ಲರ ವಾಟ್ಸಾಪಿನಲ್ಲಿದೆ.

ಕೇಂದ್ರಗಳಿಗೆ ಇಂಟರ್ನೆಟ್ ಜಾಲ ಹಾಕಿರುವ ನಿಮ್ಮ ಕಂಪನಿಯಿಂದ ಪರೀಕ್ಷೆ ಮಾಡಿ ರಿಪೋರ್ಟು ಕೊಟ್ಟಿದ್ದಾರೆ. "ಸದರಿ ಸಮಯದಲ್ಲಿ ಸಂಪರ್ಕ ಸುಸ್ಥಿತಿಯಲ್ಲಿತ್ತು." ಹಾಗಾದರೆ ನಾನು ಕಳಿಸಿಯೇ ಇಲ್ಲ, ಸುಳ್ಳು ಹೇಳುತ್ತಿದ್ದೇನೆ ಅಂತಾಯಿತು. 22ನೇ ತಾರೀಕು ವಿಚಾರಣೆ. ತಪ್ಪು ನನ್ನದು ಅಂತ ತೀರ್ಮಾನವಾದರೆ ಕೆಲಸ ಹೋಗುತ್ತೆ, ಪೊಲೀಸ್ ಕೇಸೂ ಆಗುತ್ತೆ. ಸತ್ತವರು ಊರಿನ ದೊಡ್ಡ ಮನೆಯವರು, ನರ್ಸು ನಮ್ಮ ಕೇರಿಯವಳು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ, ಆದರೆ ಬಸ್ಸಿಗೆ ನಿಂತಾಗ ನನ್ನ ಸುತ್ತ ಜಾಗ ಖಾಲಿಯಾಗುತ್ತೆ.

ತಿಮ್ಮಯ್ಯನವರ ಹೆಂಡತಿ ದೇವಿರಮ್ಮ ದಿನಾ ಒಂಬತ್ತು ಗಂಟೆಗೆ ಬಂದು ನಮ್ಮ ಗೇಟಿನ ಹತ್ತಿರ ಕೂರುತ್ತಾರೆ. ಬಯ್ಯಲ್ಲ, ಅಳಲ್ಲ. ನನ್ನನ್ನೇ ನೋಡುತ್ತಾ ಒಂದು ಗಂಟೆಯವರೆಗೆ ಇದ್ದು ಎದ್ದು ಹೋಗುತ್ತಾರೆ. ನನಗೆ ಭಯ ಕಣೋ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀನು ಅದೇ ಜಾಲದ ಕೆಲಸ ಮಾಡುವವನು. ಒಂದು ಸಲ ನೋಡಿ ಹೇಳು. ಇಲ್ಲಿಗೆ ಮಾತ್ರ ಬರಬೇಡ. ಕಂಪನಿಯಲ್ಲಿ ತಮ್ಮ ಇದ್ದಾನೆ ಅಂತ ಗೊತ್ತಾದರೆ ಅದಕ್ಕೊಂದು ಕಥೆ ಕಟ್ಟುತ್ತಾರೆ.

ಅರುಂಧತಿ


ಮಂಡ್ಯ
8 ಏಪ್ರಿಲ್ 2025, ಮಂಗಳವಾರ

ಅಕ್ಕ,

ನಿನ್ನ ಕಾಗದ ಬಂತು. ನೀನು ಕೇಳಿದ ಹಾಗೆ ನೋಡಿದೆ. ನನ್ನ ಕಂಪ್ಯೂಟರಿನಿಂದ ನಿಮ್ಮ ಕೇಂದ್ರದ ಗೋಡೆಯ ಇಂಟರ್ನೆಟ್ ಪೆಟ್ಟಿಗೆಯನ್ನು ಇದ್ದೀಯಾ ಅಂತ ಸಾವಿರ ಸಲ ಕೂಗಿದೆ. ಸಾವಿರ ಸಲವೂ ಓಗೊಟ್ಟಿತು. ಮಾರ್ಚ್ 24ರ ದಾಖಲೆಯಲ್ಲೂ ಬೆಳಿಗ್ಗೆಯಿಂದ ಸಂಜೆಯವರೆಗೆ ಹಸಿರು ಗೆರೆಯೇ ಇದೆ. ಆ ರಿಪೋರ್ಟು ಬರೆದವರು ಕೆಲಸ ತಿಳಿದವರೇ ಅಕ್ಕ, ನೋಡದೇ ಬರೆದಿರುವುದಿಲ್ಲ.

ಬೇಜಾರು ಮಾಡಿಕೊಳ್ಳಬೇಡ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಎದುರಿಗೆ ಒಬ್ಬರು ಒದ್ದಾಡುತ್ತಿದ್ದಾರೆ, ಮಗ ಕೂಗಾಡುತ್ತಿದ್ದಾನೆ, ಡಾಕ್ಟರಿಲ್ಲ. ಆ ಗಾಬರಿಯಲ್ಲಿ ಕಳಿಸುವ ಗುಂಡಿಯ ಬದಲು ಪಕ್ಕದ್ದನ್ನು ಒತ್ತಿರಬಹುದು. ಆಗುತ್ತೆ. ವಿಚಾರಣೆಯಲ್ಲಿ ಹಾಗೇ ಹೇಳಿಬಿಡು. ಕೈತಪ್ಪು ಅಂತ ಒಪ್ಪಿಕೊಂಡರೆ ಒಂದು ಮೆಮೊ, ಒಂದು ವರ್ಗಾವಣೆ, ಅಷ್ಟಕ್ಕೆ ಮುಗಿಯಬಹುದು. ಕಳಿಸಿದೆ ಕಳಿಸಿದೆ ಅಂತ ಹಟ ಹಿಡಿದರೆ ಸುಳ್ಳು ಹೇಳಿದ್ದು ಅಂತ ದೊಡ್ಡದಾಗುತ್ತೆ.

ಊಟ ಬಿಡಬೇಡ. ಅವ್ವನಿಗೆ ನಾನು ಏನೂ ಹೇಳಿಲ್ಲ.

ರವಿ


ದೊಡ್ಡಬೇವಿನಕೊಪ್ಪಲು
11 ಏಪ್ರಿಲ್ 2025, ಶುಕ್ರವಾರ

ರವಿ,

ಭಲೇ ಕಣಪ್ಪ! ಹದಿನಾರು ವರ್ಷದಿಂದ ನರ್ಸು ಕೆಲಸ ಮಾಡುತ್ತಿದ್ದೇನೆ. ಕತ್ತಲಲ್ಲಿ ಕೂಸಿನ ನರ ಹುಡುಕಿ ಸೂಜಿ ಹಾಕುವವಳಿಗೆ ಕೋಳಿಮೊಟ್ಟೆ ಗಾತ್ರದ ಹಸಿರು ಗುಂಡಿ ಕಾಣಲಿಲ್ಲವಂತೆ. ಊರಿನವರು ಹೇಳಿದ್ದನ್ನೇ ನೀನೂ ಹೇಳುವುದಾದರೆ ನಿನಗ್ಯಾಕೆ ಬರೆಯಬೇಕಿತ್ತು? ಬೆಂಚಿನ ಮೇಲೆ ಕೂತವರನ್ನೇ ಕೇಳಬಹುದಿತ್ತು.

ಸಿಟ್ಟಿನಲ್ಲಿ ಇಷ್ಟು ಬರೆದು ಎರಡು ದಿನ ಹಾಗೇ ಇಟ್ಟಿದ್ದೆ. ಈಗ ಉಳಿದದ್ದನ್ನು ಬರೆಯುತ್ತೇನೆ. ಹೋದ ಸಲ ನಿನಗೊಂದು ವಿಷಯ ಮುಚ್ಚಿಟ್ಟೆ. ನಾಚಿಕೆಯಿಂದ ಮುಚ್ಚಿಟ್ಟೆ.

ನನ್ನ ಡ್ಯೂಟಿ ಎರಡೂವರೆಗೆ ಮುಗಿಯುತ್ತೆ. ಹಾಜರಿ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತದಿದ್ದರೆ ಅದು ಅರ್ಧ ದಿನ ಗೈರು ಅಂತ ಬರೆದುಕೊಳ್ಳುತ್ತೆ. ಅದಕ್ಕೂ ಹಿಂದಿನ ತಿಂಗಳು ಹಾಗೆ ಎರಡು ಸಲ ಆಗಿತ್ತು. ಆವತ್ತು ಮೂರನೇ ಸಲ ಕಳಿಸಿ, ಉತ್ತರಕ್ಕೆ ಕಾಯುತ್ತಾ, ಎರಡೂ ನಲವತ್ತೊಂದಕ್ಕೆ ಪಕ್ಕದ ಗೋಡೆಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದೆ. ಅರ್ಧ ನಿಮಿಷವೂ ಇಲ್ಲ. ಮನೆಗೆ ಹೋಗುವುದಕ್ಕಲ್ಲ ರವಿ, ಬರೀ ಅಭ್ಯಾಸ. ಆದರೆ ರೋಗಿಯನ್ನು ಬಿಟ್ಟು ಹೋದೆ. ಆ ಹೆಬ್ಬೆಟ್ಟು ಅದೇ ನಿಮಿಷದಲ್ಲಿ ಮಂಡ್ಯ ತಲುಪಿದೆ. ವಿಚಾರಣೆಯವರು ಅದನ್ನೇ ಹಿಡಿದುಕೊಂಡಿದ್ದಾರೆ. "ನಿಮ್ಮ ಹಾಜರಿ ಹೋಗಿದೆ, ಇಸಿಜಿ ಹೋಗಿಲ್ಲ ಅಂದ್ರೆ ಯಾರು ನಂಬ್ತಾರಮ್ಮಾ? ನೀವು ಮನೆಗೆ ಹೊರಟಿದ್ರಿ" ಅಂದರು.

ಈಗ ಇನ್ನೊಂದು ಹೇಳುತ್ತೇನೆ, ಯಾರಿಗೂ ಹೇಳಬೇಡ. ಕಣ್ಣು ಮುಚ್ಚಿದರೆ ನನ್ನ ಬೆರಳು ಆ ಹಸಿರು ಗುಂಡಿಯ ಮೇಲೆ ಇರುವುದು ಕಾಣುತ್ತೆ, ಆದರೆ ಒತ್ತಿದ್ದು ಕಾಣಲ್ಲ. ಒಂದು ವೇಳೆ ನೀನು ಹೇಳಿದ್ದೇ ನಿಜವಾಗಿದ್ದರೆ? ನನ್ನ ಕೈಯನ್ನು ನಾನೇ ನಂಬದಂತೆ ಆಗಿದೆ. ನಿನ್ನೆ ಒಂದು ಮಗುವಿಗೆ ಲಸಿಕೆ ಹಾಕುವಾಗ ಸೀಸೆಯ ಹೆಸರನ್ನು ನಾಲ್ಕು ಸಲ ಓದಿದೆ. ಆ ತಾಯಿ ನನ್ನ ಮುಖ ನೋಡಿ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

ಅರುಂಧತಿ


ಮಂಡ್ಯ
15 ಏಪ್ರಿಲ್ 2025, ಮಂಗಳವಾರ

ಅಕ್ಕ,

ಚಿಕ್ಕದಾಗಿ ಬರೆಯುತ್ತೇನೆ, ಮುದ್ದಯ್ಯ ವ್ಯಾನು ಸ್ಟಾರ್ಟು ಮಾಡಿಕೊಂಡೇ ನಿಂತಿದ್ದಾರೆ.

ನಿನ್ನೆ ಅಂಬೇಡ್ಕರ್ ಜಯಂತಿ ರಜೆ, ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಹೆಬ್ಬೆಟ್ಟಿನ ವಿಷಯ ಮೊದಲೇ ಯಾಕೆ ಬರೆಯಲಿಲ್ಲ? ಒಂದೇ ಗೋಡೆ, ಒಂದೇ ಪೆಟ್ಟಿಗೆ, ಒಂದೇ ತಂತಿ, ಒಂದೇ ನಿಮಿಷ. ಒಂದು ಹೋಗಿದೆ, ಒಂದು ಹೋಗಿಲ್ಲ. ವಿಚಾರಣೆಯವರಿಗೆ ಅದು ನಿನ್ನ ಸುಳ್ಳಿಗೆ ಸಾಕ್ಷಿಯಾಗಿ ಕಂಡಿದೆ. ನನಗೆ ಕಂಡದ್ದು ಬೇರೆ. ಖಚಿತವಾಗದೇ ಬರೆಯುವುದಿಲ್ಲ.

ಒಂದು ಕೆಲಸ ಮಾಡು. ಇಸಿಜಿ ಯಂತ್ರದ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ನಂಬರು ಬರೆದಿರುತ್ತಾರೆ. ಚುಕ್ಕಿಗಳ ನಡುವೆ ನಾಲ್ಕು ತುಂಡು. ಕೊನೆಯ ತುಂಡು ಸಾಕು. ಹಾಜರಿ ಯಂತ್ರದ್ದೂ ಬೇಕು. ಆ ಯಂತ್ರಗಳನ್ನು ಕೂರಿಸಿದವರು ನಮ್ಮ ಪಟ್ಟಿಯನ್ನು ತಿದ್ದಿಲ್ಲ, ಇಲ್ಲಿರುವ ನಂಬರುಗಳು ಹಳೆಯವು.

ಕೈತಪ್ಪು ಅಂತ ಎಲ್ಲೂ ಒಪ್ಪಿಕೊಳ್ಳಬೇಡ. ಯಾವ ಕಾಗದಕ್ಕೂ ಸಹಿ ಹಾಕಬೇಡ. ನಾನು ಕೇಳಿದ್ದು ಯಾರಿಗೂ ಗೊತ್ತಾಗಬಾರದು.

ರವಿ


ದೊಡ್ಡಬೇವಿನಕೊಪ್ಪಲು
18 ಏಪ್ರಿಲ್ 2025, ಶುಕ್ರವಾರ

ರವಿ,

ಇವತ್ತು ಗುಡ್ ಫ್ರೈಡೆ ರಜೆ, ವ್ಯಾನು ಬರಲಿಲ್ಲ. ನಾಳೆ ಬರುತ್ತಾರಂತೆ. ವಿಚಾರಣೆಗೆ ಇನ್ನು ನಾಲ್ಕೇ ದಿನ.

ಇಸಿಜಿ ಯಂತ್ರವನ್ನು ಗಾಜಿನ ಬೀರುವಿನಲ್ಲಿಟ್ಟು ಅರಗು ಹಾಕಿದ್ದಾರೆ. ಬೆನ್ನು ಗೋಡೆ ಕಡೆಗಿದೆ. ಮನೆಯಿಂದ ಮುಖ ನೋಡುವ ಕನ್ನಡಿ ತಂದು, ಗಾಜಿನ ಪಕ್ಕಕ್ಕೆ ಹಿಡಿದು, ತಲೆಕೆಳಗಾಗಿ ಬಗ್ಗಿ ಓದಿದೆ. ಇಸಿಜಿಯದು 37. ಹಾಜರಿ ಯಂತ್ರದ್ದು 36. ಎರಡೆರಡು ಸಲ ನೋಡಿದ್ದೇನೆ.

ಬಗ್ಗಿದ್ದವಳು ಎದ್ದು ತಿರುಗಿದರೆ ಬಾಗಿಲಲ್ಲಿ ದೇವರಾಜು! "ಏನಮ್ಮಾ, ಸಾಕ್ಸಿ ಅಳುಸ್ತಾ ಇದ್ದೀಯಾ?" ಅಂದ. "ಮುಟ್ಟಿಲ್ಲಪ್ಪ, ಅರಗು ನೋಡ್ಕೊ" ಅಂದೆ. ಹತ್ತಿರ ಬಂದು ಅರಗನ್ನು ಉಗುರಿನಲ್ಲಿ ಮುಟ್ಟಿ ನೋಡಿದ. "ನಮ್ಮಪ್ಪನ್ನ ಇಪ್ಪತ್ತೈದ್ ನಿಮ್ಸ ಇಲ್ಲೇ ಮಲಗಿಸ್ಕಂಡಿದ್ದೆ. ಇಪ್ಪತ್ತೆರಡ್ನೇ ತಾರೀಕ್ ಆಗ್ಲಿ, ಆಮ್ಯಾಕೆ ನೋಡ್ಕತೀವಿ" ಅಂದ. ಕೂಗಿ ಹೇಳಲಿಲ್ಲ. ಅವನ ಕಣ್ಣು ಕೆಂಪಗಿತ್ತು, ಅತ್ತಿದ್ದನೋ ಏನೋ. ಅವನು ಹೋದ ಮೇಲೆ ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡೆ.

ಈ ಎರಡು ಅಂಕಿಯಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಇವುಗಳಲ್ಲಿ ಏನಾದರೂ ಇರಲಿ ಅಂತ ದೇವರಲ್ಲಿ ಕೇಳಿಕೊಂಡಿದ್ದೇನೆ.

ಅರುಂಧತಿ


ಮಂಡ್ಯ
21 ಏಪ್ರಿಲ್ 2025, ಸೋಮವಾರ

ಅಕ್ಕ,

ಇದು ನಾಳೆ ಬೆಳಗಿನ ವ್ಯಾನಿಗೆ. ವಿಚಾರಣೆಗೆ ಮೊದಲೇ ನಿನ್ನ ಕೈ ಸೇರಲಿ.

ಗೆದ್ದೆವು ಅಂದುಕೊ. ಶನಿವಾರ ನಂಬರು ಸಿಕ್ಕಿದ ಕೂಡಲೇ ಕೂತೆ. ನಮ್ಮ ಕಡೆ ಒಂದು ಸಣ್ಣ ಕೊಕ್ಕೆ ಇತ್ತು, ಏನು ಎತ್ತ ಅಂತ ಆಮೇಲೆ ಹೇಳುತ್ತೇನೆ. ಒಂದು ಸಂಖ್ಯೆ ಬದಲಿಸಿದೆ, ಅಷ್ಟೇ. ಈಗ ನಿನ್ನ ಯಂತ್ರದ ದಾರಿ ಚೊಕ್ಕವಾಗಿದೆ. ಇನ್ನು ನಿನ್ನ ಕೇಂದ್ರಕ್ಕೆ ಯಾರು ಎದೆನೋವು ಅಂತ ಬಂದರೂ ಭಯವಿಲ್ಲ.

ಬೀರುವಿನಿಂದ ಯಂತ್ರ ತೆಗೆಸಿ ಪರೀಕ್ಷೆ ಮಾಡಿ ಅಂತ ನಾಳೆ ನೀನೇ ಕೇಳು. ಪಟ್ ಅಂತ ಹೋಗುತ್ತೆ. ಯಂತ್ರವೂ ಸರಿ, ಜಾಲವೂ ಸರಿ, ಆವತ್ತು ಏನೋ ಆಗಿರಬೇಕು ಅಂತ ಅವರೇ ಕಡತ ಮುಚ್ಚುತ್ತಾರೆ. ಯಾರ ತಲೆಗೂ ಬರಲ್ಲ. ಎಲ್ಲಾ ಸರಿಯಾಯಿತು, ಇವತ್ತಾದರೂ ಹೊಟ್ಟೆ ತುಂಬ ಉಣ್ಣು.

ರವಿ


ದೊಡ್ಡಬೇವಿನಕೊಪ್ಪಲು
22 ಏಪ್ರಿಲ್ 2025, ಮಂಗಳವಾರ

ರವಿ,

ವಿಚಾರಣೆ ಹತ್ತೂವರೆಗೇ ಶುರುವಾಯಿತು. ನಿನ್ನ ಕಾಗದ ಸಿಕ್ಕಿದ್ದು ಹನ್ನೆರಡೂವರೆಗೆ. ಮುದ್ದಯ್ಯನವರ ತಪ್ಪಲ್ಲ, ದಾರಿಯಲ್ಲಿ ಕಬ್ಬಿನ ಗಾಡಿ ಮಗುಚಿತ್ತಂತೆ. ಕೊಟ್ಟು, ಇದನ್ನು ತೆಗೆದುಕೊಂಡು ಹೋಗಲು ಕಾಯುತ್ತಾ ನಿಂತಿದ್ದಾರೆ.

ಪರೀಕ್ಷೆ ಮಾಡಿ ಅಂತ ಕೇಳಿದ್ದು ನಾನೇ. ನೀನು ಹೇಳಿ ಅಲ್ಲ. ನಿನ್ನ ಹದಿನೈದನೇ ತಾರೀಕಿನ ಕಾಗದ ಓದಿ, ಯಂತ್ರದ ದಾರಿಯಲ್ಲೇ ಏನೋ ಕೆಟ್ಟಿದೆ, ಅದು ಇವರ ಕಣ್ಣೆದುರಿಗೇ ಹೋಗದೇ ನಿಲ್ಲುತ್ತೆ, ಆಗ ನಂಬುತ್ತಾರೆ ಅಂದುಕೊಂಡೆ. ಎದೆ ತಟ್ಟಿ ಹೇಳಿದೆ ರವಿ. "ಸಾರ್, ಈಗಲೇ ಒತ್ತಿ ನೋಡಿ. ಹೋಗಲ್ಲ. ಆವತ್ತೂ ಹೀಗೇ ಹೋಗಲಿಲ್ಲ" ಅಂದೆ.

ಅರಗು ಒಡೆದರು. ಅದೇ ಮಂಚ, ಅದೇ ತಂತಿ. ನಾನೇ ಒತ್ತಿದೆ. ನಲವತ್ತು ಸೆಕೆಂಡಿಗೆ ಮಂಡ್ಯದಿಂದ ಉತ್ತರ ಬಂತು.

ಆಫೀಸರು ಪೆನ್ನಿನ ಮುಚ್ಚಳ ಹಾಕಿದರು. ದೇವರಾಜು ನಕ್ಕ. ದೇವಿರಮ್ಮ ಮೊದಲ ಸಲ ಬಾಯಿ ಬಿಟ್ಟರು. "ಇಷ್ಟ್ ಸಲೀಸಾಗಿ ಓಯ್ತದಾ ಅದು? ನಲವತ್ತ್ ಸೆಕೆಂಡಾ?" ಅಂದರು. ಅಷ್ಟು ಕೇಳಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋದರು.

ಅಮಾನತು ಮಾಡಿದ್ದಾರೆ. ಕಡತ ಪೊಲೀಸಿಗೆ ಹೋಗುತ್ತಂತೆ. ಎಲ್ಲಾ ಸರಿಯಾಯಿತು, ಹೊಟ್ಟೆ ತುಂಬ ಉಣ್ಣು ಅಂತ ಬರೆದಿದ್ದೀಯ. ನೀನು ಸರಿ ಮಾಡಿದ್ದೇ ನನಗೆ ಉರುಲಾಯಿತು. ಏನು ಬದಲಿಸಿದೆ? ಯಾರನ್ನು ಕೇಳಿ ಬದಲಿಸಿದೆ? ನಿನಗೆ ಏನು ಗೊತ್ತಿದೆಯೋ ಅಷ್ಟೂ ಬರಿ. ಇಲ್ಲವಾದರೆ ಇನ್ನು ಅಕ್ಕ ಅನ್ನಬೇಡ.

ಅರುಂಧತಿ


ಮಂಡ್ಯ
25 ಏಪ್ರಿಲ್ 2025, ಶುಕ್ರವಾರ

ಅಕ್ಕ,

ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ತಪ್ಪಿಸಿಕೊಳ್ಳುತ್ತೇನೆ. "ಸಂಪರ್ಕ ಸುಸ್ಥಿತಿಯಲ್ಲಿತ್ತು" ಅನ್ನುವ ಆ ರಿಪೋರ್ಟಿಗೆ ಸಹಿ ಹಾಕಿದವನು ನಾನು. ನಿನ್ನ ಮೊದಲ ಕಾಗದ ಬರುವುದಕ್ಕೆ ಒಂದು ವಾರ ಮುಂಚೆಯೇ ಹಾಕಿದ್ದೆ. ನಿನ್ನ ಕೇಂದ್ರ ಅಂತ ಗೊತ್ತಿದ್ದೂ ಹಾಕಿದೆ. ಪರೀಕ್ಷೆ ಮಾಡಿದ್ದೆ, ಸರಿ ಬಂದಿತ್ತು. ಆಮೇಲೆ ನೀನು ಬರೆದಾಗ ನನ್ನ ಸಹಿ ತಪ್ಪಾಗುವುದಕ್ಕಿಂತ ನಿನ್ನ ಕೈ ತಪ್ಪಾಗಿರಲಿ ಅನ್ನಿಸಿತು. ಅದಕ್ಕೇ ಆ ಬುದ್ಧಿವಾದ.

ಆಗಿದ್ದು ಇಷ್ಟು. ಮಳವಳ್ಳಿಯಲ್ಲಿ ನಮ್ಮದೊಂದು ರೌಟರ್ ಇದೆ. ಹದಿನೆಂಟು ಆರೋಗ್ಯ ಕೇಂದ್ರಗಳಿಂದ ಬಂದದ್ದನ್ನು ಮಂಡ್ಯಕ್ಕೆ ದಾಟಿಸುವ ಪೆಟ್ಟಿಗೆ ಅದು. ನಿನ್ನ ಗೋಡೆಯಿಂದ ಅಲ್ಲಿಯವರೆಗೆ ಒಂದೇ ತಂತಿ. ಅಲ್ಲಿಂದ ಮಂಡ್ಯಕ್ಕೆ ನಾಲ್ಕು ದಾರಿ, ಎರಡು ನೇರವಾಗಿ, ಎರಡು ಮದ್ದೂರು ಸುತ್ತಿಕೊಂಡು. ರೌಟರಿಗೆ ನಾಲ್ಕೂ ಒಂದೇ ತೂಕ. ನಿನ್ನ ಇಸಿಜಿ ತುಂಡು ತುಂಡಾಗಿ ಬರುತ್ತಲೇ ಪ್ರತಿ ತುಂಡಿಗೂ ಒಂದು ಲೇಬಲ್ ಅಂಟಿಸಿ ಯಾವುದೋ ಒಂದು ದಾರಿಗೆ ತಳ್ಳುತ್ತೆ. ನಡುವಿನ ಪೆಟ್ಟಿಗೆಗಳು ಒಳಗೇನಿದೆ, ಯಾರ ಎದೆಯದು ಅಂತ ನೋಡುವುದಿಲ್ಲ. ಲೇಬಲ್ ನೋಡಿ ಮುಂದಕ್ಕೆ ಕಳಿಸುತ್ತವೆ.

ಯಾವ ದಾರಿ ಅಂತ ಹೇಗೆ ಆರಿಸುತ್ತೆ ಗೊತ್ತಾ? ಯಾವುದು ಚೆನ್ನಾಗಿದೆ ಅಂತ ನೋಡಿ ಅಲ್ಲ. ಕಳಿಸಿದ ಯಂತ್ರದ ನಂಬರು, ತಲುಪಬೇಕಾದ ಯಂತ್ರದ ನಂಬರು, ಎರಡನ್ನೂ ನಾವು ಕೊಟ್ಟ ಒಂದು ಸಂಖ್ಯೆಯಿಂದ ಶುರುವಾಗುವ ಲೆಕ್ಕಕ್ಕೆ ಹಾಕುತ್ತೆ. ಉತ್ತರ ಒಂದು ಬಂದರೆ ಒಂದನೇ ದಾರಿ, ಮೂರು ಬಂದರೆ ಮೂರನೇ ದಾರಿ. ತುಂಡುಗಳು ಹಿಂದುಮುಂದಾಗಬಾರದು ಅಂತ ಹೀಗೆ ಮಾಡಿದ್ದಾರೆ. ನಂಬರು ಅದೇ ಇರುವವರೆಗೆ ದಾರಿಯೂ ಅದೇ.

ಮಾರ್ಚ್ 9ರಂದು ಮದ್ದೂರಿನ ಪೆಟ್ಟಿಗೆಯಲ್ಲಿ ಒಂದು ಕಾರ್ಡು ಬದಲಿಸಿದೆವು. ಅಂದಿನಿಂದ ಮೂರನೇ ದಾರಿ ಸತ್ತಿದೆ. ಸತ್ತಿದ್ದೇನೆ ಅಂತ ಅದು ಹೇಳಿಕೊಳ್ಳಲಿಲ್ಲ. ರೌಟರು ವಿಚಾರಿಸಿದಾಗಲೆಲ್ಲ ಇದ್ದೇನೆ ಅಂತಲೇ ಉತ್ತರ ಕೊಡುತ್ತಾ, ಬಂದದ್ದನ್ನೆಲ್ಲ ನುಂಗುತ್ತಿತ್ತು. 37 ಆ ದಾರಿಗೆ ಬೀಳುತ್ತಿತ್ತು. 36 ಎರಡನೆಯದಕ್ಕೆ. ನನ್ನ ಕಂಪ್ಯೂಟರು ಒಂದನೆಯದಕ್ಕೆ. ನಾನು ಸಾವಿರ ಸಲ ಕೂಗಿದ್ದೂ ಒಂದನೇ ದಾರಿಯನ್ನೇ. ಮಾರ್ಚ್ 9 ಆದ ಮೇಲೆ ನಿನ್ನ ಕೇಂದ್ರ ಕಳಿಸಿದ ಮೊದಲ ಇಸಿಜಿ ತಿಮ್ಮಯ್ಯನವರದು. ಮೂರು ಸಲ ಅಲ್ಲ, ಮುನ್ನೂರು ಸಲ ಒತ್ತಿದ್ದರೂ ಹೋಗುತ್ತಿರಲಿಲ್ಲ. ನೀನು ಒತ್ತಿದ್ದೆ ಅಕ್ಕ. ನಿನ್ನ ಕೈ ಸರಿಯಾಗೇ ಇತ್ತು.

ಶನಿವಾರ ಇದು ಗೊತ್ತಾದಾಗ ನಮ್ಮ ಮೇಲಧಿಕಾರಿ ಶಶಿಧರ್ ಸಾರ್ ಹತ್ತಿರ ಹೋದೆ. ದಾರಿ ಮುಚ್ಚಬೇಕಾದರೆ ಕಾರಣ ಬರೆಯಬೇಕು, ಬರೆದರೆ ತಿಮ್ಮಯ್ಯನವರ ಸಾವು ನಮ್ಮ ತಲೆಗೆ ಬರುತ್ತೆ ಅಂದರು. "ಲೆಕ್ಕ ಸುರು ಮಾಡೋ ಸಂಕ್ಯೆ ಒಂದ್ ಬದಲಾಯಿಸ್ಬುಡ್ಲಾ, ಎಲ್ಲಾ ಕಲಸ್ಕಂಡು ಒಸದಾಗಿ ಬೀಳ್ತವೆ. ನಿಮ್ಮಕ್ಕನ್ ಮಿಷಿನ್ನು ಒಳ್ಳೆ ದಾರಿಗ್ ಬೀಳೋಗಂಟ ಬದಲಾಯ್ಸು" ಅಂದರು. ಎರಡನೇ ಸಲಕ್ಕೆ ನಿನ್ನದು ನಾಲ್ಕನೇ ದಾರಿಗೆ ಬಿತ್ತು. ಅವರು ಹೇಳಿದ್ದು ನಿಜ, ಆದರೆ ಮಾಡಿದವನು ನಾನು. ಕೆಲಸ ಹೋಗುತ್ತೆ ಅಂತ ಹೆದರಿ ಮಾಡಿದೆ.

ನಿನ್ನೆ, 24ಕ್ಕೆ, ಮೂರನೇ ದಾರಿಯನ್ನೇ ಮುಚ್ಚಿದೆ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ನನ್ನ ಸಹಿ ಎಲ್ಲವನ್ನೂ ಬರೆದು ವಿಚಾರಣೆ ಆಫೀಸರ ಕೈಗೇ ಕೊಟ್ಟು ಬಂದೆ. ಅವರನ್ನು ಆಫೀಸಿಗೆ ಕರೆದುಕೊಂಡು ಹೋಗಿ ದಾಖಲೆ ತೋರಿಸಿದೆ. ಶಶಿಧರ್ ಸಾರ್ ನನ್ನ ಹತ್ತಿರ ಮಾತಾಡುತ್ತಿಲ್ಲ. ಇನ್ನು ಯಾರಿಗೂ ತೊಂದರೆಯಿಲ್ಲ.

ಅಕ್ಕ ಅನ್ನಬಹುದಾ?

ರವಿ


ದೊಡ್ಡಬೇವಿನಕೊಪ್ಪಲು
2 ಮೇ 2025, ಶುಕ್ರವಾರ

ರವಿ,

ಅಕ್ಕ ಅನ್ನದೇ ಇನ್ನೇನು ಅಂತೀಯ. ಆದರೆ ಸಿಟ್ಟು ಇಳಿದಿಲ್ಲ. ಆ ಬುದ್ಧಿವಾದದ ಕಾಗದವನ್ನು ಹರಿಯದೇ ಇಟ್ಟುಕೊಂಡಿದ್ದೇನೆ.

ಅಮಾನತು ತೆಗೆದಿದ್ದಾರೆ, ಫೋನೂ ವಾಪಸ್ಸು ಬಂತು. ಆದರೂ ಬರೆಯುತ್ತಿದ್ದೇನೆ, ಇದನ್ನು ಫೋನಿನಲ್ಲಿ ಹೇಳಿದರೆ ನೀನು ಬೇರೆ ಮಾತು ತೆಗೆದುಬಿಡುತ್ತೀಯ. ಆಫೀಸರು ಬಂದು ನೀನು ಬರೆದುಕೊಟ್ಟದ್ದನ್ನು ಎಲ್ಲರೆದುರಿಗೂ ಓದಿದರು. ದೇವರಾಜು ತಲೆಯೆತ್ತಲಿಲ್ಲ. ಸಂಜೆ ದೇವಿರಮ್ಮ ನನ್ನ ಕ್ವಾರ್ಟರ್ಸಿಗೇ ಬಂದರು. ಜಗುಲಿಯ ಮೇಲೆ ಕೂತು, "ನಿಂದೇನೂ ತೆಪ್ಪಿಲ್ವಂತೆ ಕಣವ್ವ. ಅಂಗಾದ್ರೆ ನಾನು ಯಾರ ಮ್ಯಾಲೆ ಸಿಟ್ಟಾಗ್ಲಿ? ಆ ಡಬ್ಬದ ಮ್ಯಾಲಾ?" ಅಂದರು. ಸಹಿ ಮಾಡಿದವನು ನನ್ನ ತಮ್ಮ ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ. ಹೆಬ್ಬೆಟ್ಟು ಒತ್ತಲು ಹೋದದ್ದನ್ನು ಮಾತ್ರ ಹೇಳಿದೆ. ಅದನ್ನು ಕೇಳಿ ಎದ್ದು ಹೋದರು. ಮಾರನೇ ದಿನ ಗೇಟಿನ ಹತ್ತಿರ ಬರಲಿಲ್ಲ. ಅವರು ಬರಲಿಲ್ಲ ಅಂತಲೂ ನನಗೆ ಭಯವಾಯಿತು.

ಈಗ ಕೇಳಬೇಕಾದ್ದು. ನಿನ್ನ ಲೆಕ್ಕವನ್ನು ನಾಲ್ಕು ಸಲ ಓದಿದೆ. ನಾನು ನರ್ಸು, ನಿನ್ನಷ್ಟು ಓದಿಲ್ಲ. ಆದರೆ ಒಂದು ಮಂಚ ಖಾಲಿ ಮಾಡಿಸಿದರೆ ಆ ಮಂಚಕ್ಕೆ ಇನ್ನೊಬ್ಬರು ಬರುತ್ತಾರೆ ಅನ್ನುವುದು ನನಗೆ ಗೊತ್ತು. ಹತ್ತೊಂಬತ್ತನೇ ತಾರೀಕು ಎಲ್ಲಾ ಕಲಸಿ ಹೊಸದಾಗಿ ಬಿತ್ತು ಅಂದೆ. ಮೂರನೇ ದಾರಿ ಮುಚ್ಚಿದ್ದು ಇಪ್ಪತ್ತನಾಲ್ಕಕ್ಕೆ. ನನ್ನ ಯಂತ್ರ ಒಳ್ಳೆಯ ದಾರಿಗೆ ಬಂತು, ಸರಿ. ಆ ಐದು ದಿನ ಕೆಟ್ಟ ದಾರಿಗೆ ಬಿದ್ದದ್ದು ಯಾರು?

ಹುಡುಕಿ ಬರಿ. ಗೊತ್ತಿಲ್ಲ ಅನ್ನಬೇಡ, ಗೊತ್ತು ಮಾಡಿಕೊ.

ಅಕ್ಕ


ಮಂಡ್ಯ
6 ಮೇ 2025, ಮಂಗಳವಾರ

ಅಕ್ಕ,

ನೀನು ಕೇಳುವ ಮೊದಲೇ ಆ ಪ್ರಶ್ನೆ ನನ್ನಲ್ಲಿತ್ತು. ನೋಡಲು ಧೈರ್ಯ ಬಂದಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಹದಿನೆಂಟು ಕೇಂದ್ರಗಳ ನಂಬರುಗಳನ್ನೂ ಹೊಸ ಲೆಕ್ಕಕ್ಕೆ ಹಾಕಿದೆ. ನಾಲ್ಕು ಇಸಿಜಿ ಯಂತ್ರಗಳು ಮೂರನೇ ದಾರಿಗೆ ಬಿದ್ದಿದ್ದವು. ಮೂರು ಕಡೆ ಆ ಐದು ದಿನಗಳಲ್ಲಿ ಯಾರೂ ಇಸಿಜಿ ಕಳಿಸಿರಲಿಲ್ಲ.

ನಾಲ್ಕನೆಯದು ಮದ್ದೂರಿಗೆ ಹೋಗುವ ಕಡೆಯ ಒಂದು ಸಣ್ಣ ಊರು. ಏಪ್ರಿಲ್ 21, ಸೋಮವಾರ. ಎಲ್ಲಾ ಸರಿಯಾಯಿತು ಅಂತ ನಾನು ನಿನಗೆ ಬರೆದ ದಿನ. ಹನ್ನೊಂದೂ ಹತ್ತಕ್ಕೆ ಒಂದು ಸಲ, ಹದಿನಾಲ್ಕಕ್ಕೆ ಒಂದು ಸಲ, ಹತ್ತೊಂಬತ್ತಕ್ಕೆ ಒಂದು ಸಲ ಕಳಿಸಿದ್ದಾರೆ. ರೋಗಿಯ ಹೆಸರು ಅಂಕಮ್ಮ, ವಯಸ್ಸು ಐವತ್ತೆರಡು. ಮಧ್ಯಾಹ್ನವೇ ಅಲ್ಲಿನ ಸಿಸ್ಟರ್ ಯಶೋದಮ್ಮ ಇದನ್ನೆಲ್ಲ ಬರೆದು ನಮಗೆ ದೂರು ಕೊಟ್ಟಿದ್ದಾರೆ. ನಮ್ಮ ಕಂಪ್ಯೂಟರು ತಾನೇ ಪರೀಕ್ಷೆ ಮಾಡಿ, ಸುಸ್ಥಿತಿಯಲ್ಲಿದೆ ಅಂತ ತಾನೇ ದೂರು ಮುಚ್ಚಿದೆ. ಆ ಯಂತ್ರ ಹತ್ತೊಂಬತ್ತನೇ ತಾರೀಕಿನವರೆಗೆ ಒಂದನೇ ದಾರಿಯಲ್ಲಿತ್ತು ಅಕ್ಕ. ನಾನು ಕೈ ಹಾಕದಿದ್ದರೆ ಹೋಗುತ್ತಿತ್ತು.

ಅಂಕಮ್ಮ ಏನಾದರು ಅಂತ ದೂರಿನಲ್ಲಿರಲಿಲ್ಲ. ಇವತ್ತು ಬೆಳಿಗ್ಗೆ ಆ ಕೇಂದ್ರಕ್ಕೆ ಫೋನು ಮಾಡಿದೆ. ಎತ್ತಿದ್ದು ಯಶೋದಮ್ಮನೇ. ಜಾಲದ ಕಂಪನಿಯಿಂದ ಮಾತಾಡುತ್ತಿದ್ದೇನೆ ಅಂದೆ, ಅಷ್ಟೇ. ಆ ಕಡೆಯಿಂದ ಒಂದೇ ಉಸಿರಿಗೆ, "ನಾನ್ ಕಳ್ಸಿದ್ದೆ ಸಾರ್, ದೇವ್ರಾಣೆಗೂ ಕಳ್ಸಿದ್ದೆ, ಮೂರ್ ಸಲ ಒತ್ತಿದ್ದೆ ಸಾರ್" ಅಂತ ಅಳುವುದಕ್ಕೆ ಶುರು ಮಾಡಿದರು. ನಾನಿನ್ನೂ ಏನೂ ಕೇಳಿರಲಿಲ್ಲ.

ಫೋನು ಇಟ್ಟುಬಿಟ್ಟೆ. ಇಟ್ಟದ್ದು ತಪ್ಪು ಅಂತ ಗೊತ್ತು.

ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೋಗುತ್ತಿದ್ದೇನೆ. ನೀನು ಬರಬೇಡ. ಮೊದಲು ಯಶೋದಮ್ಮನವರ ಹತ್ತಿರ, ಆಮೇಲೆ ಅಂಕಮ್ಮನವರ ಮನೆಗೆ.

ರವಿ